ಹಳೆ ಪಿಕಪ್ ಏರಿನಲ್ಲಿ ಎಳೆಯುತ್ತಿಲ್ಲವೇ? ಪಂಪ್ ಬಿಚ್ಚಿಸುವ ಮೊದಲು ಈ ಕ್ರಮದಲ್ಲಿ ನೋಡಿ

"ಅಣ್ಣಾ, ಗಾಡಿ ಎಳಿಯವಲ್ದು."

ದ್ರಾಕ್ಷಿ ಸುಗ್ಗಿ ಶುರುವಾದರೆ ಸಾಕು, ವಾರಕ್ಕೆ ಇಬ್ಬರಾದರೂ ಫೋನ್ ಮಾಡಿ ಹೇಳುವ ಮಾತು ಇದು. ಏನೇನು ಮಾಡಿಸಿದ್ರಿ ಎಂದು ಕೇಳಿದರೆ ಉತ್ತರವೂ ಒಂದೇ. "ನಾಜಲ್ ಮಾಡಿಸೇವಿ, ಪಂಪ್ ಮಾಡಿಸೇವಿ. ಈಗ ಇಂಜಿನ್ ಬಿಚ್ಚಬೇಕಂತಾರ." ಏರ್ ಫಿಲ್ಟರ್ ನೋಡಿದ್ರೇನು ಎಂದರೆ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರುವುದಿಲ್ಲ.

ಎಲ್ಲರೂ ಎಡವುವುದು ಕ್ರಮದಲ್ಲಿ. ದುಬಾರಿ ಕೆಲಸ ಮೊದಲು ಮಾಡಿಸುತ್ತಾರೆ, ಪುಕ್ಕಟೆ ಆಗುವ ಕೆಲಸ ಕೊನೆಗೆ ನೆನಪಾಗುತ್ತದೆ. ನಾನೂ ಹಾಗೆ ಮಾಡಿ 18,000 ರೂಪಾಯಿ ಕಳೆದುಕೊಂಡವನೇ. ಆ ಕಥೆ ಡೀಸೆಲ್ ಹಂತದಲ್ಲಿ ಬರುತ್ತದೆ.

ಇಲ್ಲಿ ಬರೆದಿರುವುದು ಹಳೆಯ ಡೀಸೆಲ್ ಪಿಕಪ್‌ಗಳ ಬಗ್ಗೆ. ಬೊಲೆರೊ ಪಿಕಪ್, ಟಾಟಾ 207, ಟಾಟಾ ಏಸ್ ಥರದವು. ಮೊದಲು ಬಾನೆಟ್ ಎತ್ತಿ ನಿಮ್ಮದು ಯಾವ ಜಾತಿ ಎಂದು ತಿಳಿದುಕೊಳ್ಳಿ. ಪಂಪಿನಿಂದ ಒಂದೊಂದು ನಾಜಲ್‌ಗೆ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಒಂದೊಂದು ಉಕ್ಕಿನ ಪೈಪ್ ನೇರವಾಗಿ ಹೋಗಿದ್ದರೆ ಅದು ಹಳೆಯ ಮೆಕ್ಯಾನಿಕಲ್ ಪಂಪ್. ಪೈಪುಗಳೆಲ್ಲ ಒಂದು ದಪ್ಪ ಉಕ್ಕಿನ ಕೊಳವೆಯಿಂದ ಹೊರಟು, ನಾಜಲ್ ತಲೆಯ ಮೇಲೆ ವೈರ್ ಸಾಕೆಟ್ ಇದ್ದರೆ ಅದು ಕಾಮನ್ ರೈಲ್. ಈ ವ್ಯತ್ಯಾಸ ಮರೆಯಬೇಡಿ. ಮುಂದೆ ಒಂದೆರಡು ಕಡೆ ಇದು ಜೀವದ ಪ್ರಶ್ನೆ.

ಏನೇನು ಬೇಕು

8ರಿಂದ 19ರವರೆಗಿನ ಪಾನಾ ಸೆಟ್, ಸ್ಕ್ರೂಡ್ರೈವರ್, ಟಾರ್ಚ್. ಜಾಕ್, ಜೊತೆಗೆ ಗಾಡಿ ಕೂರಿಸಲು ಗಟ್ಟಿ ಸ್ಟ್ಯಾಂಡ್ ಅಥವಾ ಮರದ ದಿಮ್ಮಿ. ಬಿಳಿ ಬಟ್ಟೆ, ಸೋಪಿನ ನೀರು, ಗಾಜಿನ ಬಾಟಲಿ. ಡೀಸೆಲ್ ತಡೆಯುವ ಪಾರದರ್ಶಕ ಹೋಸ್ (ಕ್ಯಾನ್ ಪರೀಕ್ಷೆಗೆ ಬಾಡಿಯಿಂದ ಬಾನೆಟ್ ತನಕ ಮುಟ್ಟುವಷ್ಟು), ಕ್ಲಿಪ್‌ಗಳು. ಒಂದು ಶುಭ್ರವಾದ 5 ಲೀಟರ್ ಕ್ಯಾನ್. ಡೀಸೆಲ್ ಪೈಪಿನ ಬೋಲ್ಟ್‌ಗಳಿಗೆ ಹೊಸ ತಾಮ್ರದ ವಾಷರ್. ಕೈಗವಸು, ಕನ್ನಡಕ.

ಇವುಗಳ ಜೊತೆ ಒಂದು ನೋಟ್‌ಬುಕ್. ನಗಬೇಡಿ, ನನ್ನ ಪ್ರಕಾರ ಪಾನಾಕ್ಕಿಂತ ಅದೇ ಮುಖ್ಯ.

ಹಂತ 1: ಮೊದಲು ಅಳೆಯಿರಿ

"ಮೊದಲಿನಂಗ ಇಲ್ಲ" ಎನ್ನುವುದು ಅಳತೆಯಲ್ಲ. ಏನಾದರೂ ಬಿಚ್ಚುವ ಮೊದಲು ಗಾಡಿ ಈಗ ಎಷ್ಟು ಎಳೆಯುತ್ತಿದೆ ಎಂದು ಬರೆದಿಟ್ಟುಕೊಳ್ಳಿ.

ವಿಜಯಪುರದ ಕಡೆ ರಸ್ತೆ ಸಪಾಟು. ಬೆಳಿಗ್ಗೆ ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ ಒಂದು ನೇರ ಜಾಗ ಆರಿಸಿ. ನಾಲ್ಕನೇ ಗೇರಿನಲ್ಲಿ 40ರಿಂದ 60ಕ್ಕೆ ಹೋಗಲು ಎಷ್ಟು ಸೆಕೆಂಡ್ ಬೇಕು ಎಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ನೋಡಲಿ. ಬೆಳಗಾವಿಯವರಿಗೆ ವಂಟಮುರಿ ಘಾಟ್ ಇದ್ದೇ ಇದೆ. ಅದೇ ಲೋಡು, ಅದೇ ಏರು, ಯಾವ ಗೇರಿನಲ್ಲಿ ಎಷ್ಟು ಸ್ಪೀಡಿಗೆ ಹತ್ತಿತು ಎಂದು ಬರೆಯಿರಿ. ಪ್ರತಿ ಹಂತದ ನಂತರ ಇದನ್ನೇ ಮತ್ತೆ ಮಾಡಬೇಕು.

ಲೋಡ್ ಎಷ್ಟಿದೆ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ ಮತ್ತು ಖಾಲಿ ತೂಕ ಎರಡೂ ಇರುತ್ತವೆ. ಒಂದರಿಂದ ಇನ್ನೊಂದನ್ನು ಕಳೆದರೆ ಎಷ್ಟು ಹೇರಬಹುದು ಎಂದು ಗೊತ್ತಾಗುತ್ತದೆ. 50 ಕೆಜಿಯ ಉಳ್ಳಾಗಡ್ಡಿ ಚೀಲ 40 ಹಾಕಿದರೆ 2 ಟನ್ ಆಯಿತು. ಅಷ್ಟು ಹೇರಿ ಇಂಜಿನ್ ಬೈದರೆ ಹೇಗೆ? ಅನುಮಾನವಿದ್ದರೆ ಒಮ್ಮೆ ಕಾಟಾಕ್ಕೆ ಹಾಕಿ.

ಎರಡು ನಿಯಮ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಮೂರು ಸಾಮಾನು ಒಟ್ಟಿಗೆ ಬದಲಿಸಿ ಗಾಡಿ ಸರಿಯಾದರೆ, ಯಾವುದರಿಂದ ಸರಿಯಾಯಿತು ಎಂದು ಎಂದಿಗೂ ತಿಳಿಯುವುದಿಲ್ಲ. ಇನ್ನೊಂದು: ಯಾವುದೋ ರಿಪೇರಿ ಆದ ಮರುದಿನದಿಂದಲೇ ಪಿಕಪ್ (ಗಾಡಿಯ ಎಳೆತ) ಹೋಗಿದ್ದರೆ, ಕೆಳಗಿನದೆಲ್ಲ ಬಿಟ್ಟು ಆ ರಿಪೇರಿಯನ್ನೇ ಮೊದಲು ನೋಡಿ.

ಹಂತ 2: ಇಂಜಿನ್ ಎಳೆಯುತ್ತಿದೆ, ಗಾಲಿ ಹಿಡಿಯುತ್ತಿದೆ

ಬ್ರೇಕ್ ಹಿಡಿದ ಗಾಡಿಯೂ ಎಳೆಯುವುದಿಲ್ಲ, ಕ್ಲಚ್ ಜಾರುವ ಗಾಡಿಯೂ ಎಳೆಯುವುದಿಲ್ಲ. ಎರಡರಲ್ಲೂ ಇಂಜಿನ್‌ದು ತಪ್ಪಿಲ್ಲ.

ಬ್ರೇಕ್ ನೋಡುವುದು ಹೀಗೆ. ಐದಾರು ಕಿಲೋಮೀಟರ್ ಓಡಿಸಿ. ಕೊನೆಯಲ್ಲಿ ಆದಷ್ಟು ಬ್ರೇಕ್ ಒತ್ತದೆ ಗಾಡಿ ತಾನಾಗಿ ನಿಲ್ಲುವಂತೆ ಬಿಡಿ. ಇಳಿದು ನಾಲ್ಕೂ ಗಾಲಿಗಳ ಹತ್ತಿರ ಅಂಗೈ ಹಿಂಭಾಗ ಹಿಡಿಯಿರಿ, ಮುಟ್ಟಬೇಡಿ. ಒಂದು ಡ್ರಮ್ ಮಾತ್ರ ಕಾದ ಹಂಚಿನ ಹಾಗೆ ಇದ್ದರೆ ಕಳ್ಳ ಸಿಕ್ಕ. ವೀಲ್ ಸಿಲಿಂಡರ್ ಅಂಟಿರಬಹುದು, ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಬರದೆ ಇರಬಹುದು. ನಾಲ್ಕೂ ಬಿಸಿ ಇದ್ದರೆ ಬ್ರೇಕ್ ಪೆಡಲಿಗೆ ಸ್ವಲ್ಪವೂ ಫ್ರೀ ಪ್ಲೇ (ಸಡಿಲು) ಇಲ್ಲದಿರಬಹುದು. ಖಾಲಿ ಗಾಡಿಯನ್ನು ಸಪಾಟು ನೆಲದ ಮೇಲೆ ನ್ಯೂಟ್ರಲ್‌ನಲ್ಲಿ ಇಬ್ಬರು ನೂಕಿದರೆ ಸಲೀಸಾಗಿ ಸರಿಯಬೇಕು. ಟೈರ್ ಗಾಳಿಯನ್ನೂ ಆಗಲೇ ನೋಡಿಬಿಡಿ.

ಕ್ಲಚ್‌ಗೆ ರಸ್ತೆಯ ಪರೀಕ್ಷೆಯೇ ಸಾಕು. ಮೇಲಿನ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರುತ್ತದೆ, ಸ್ಪೀಡ್ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಪ್ಲೇಟ್ ಹೋಗಿದೆ. ಇಂಜಿನ್ ಸದ್ದೇ ಏರದೆ ಗುದ್ದಾಡುತ್ತಿದ್ದರೆ ಕ್ಲಚ್ ಸರಿ ಇದೆ, ಮುಂದೆ ಹೋಗಿ.

ಹಂತ 3: ಹೊಗೆ ಓದಿ

ಇಲ್ಲಿ ಅವಸರ ಬೇಡ. ಮುಂದಿನ ಅರ್ಧ ಕೆಲಸವನ್ನು ಹೊಗೆಯೇ ಉಳಿಸಿಕೊಡುತ್ತದೆ. ನಿಂತ ಗಾಡಿಯಲ್ಲಿ ರೇಸ್ ಮಾಡಿ ನೋಡಿದರೆ ಸಾಲದು. ಲೋಡ್ ಹಾಕಿ ಏರಿನಲ್ಲಿ ಓಡಿಸಬೇಕು, ಹಿಂದೆ ಬೈಕಿನಲ್ಲಿ ಒಬ್ಬರು ಬಂದು ನೋಡಬೇಕು.

ಕಪ್ಪು ಹೊಗೆ ಎಂದರೆ ಡೀಸೆಲ್ ಇದೆ, ಅದನ್ನು ಸುಡುವಷ್ಟು ಗಾಳಿ ಇಲ್ಲ. ಏರ್ ಫಿಲ್ಟರ್, ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ), ಅದರ ಹೋಸ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವ ವ್ಯವಸ್ಥೆ), ಕಟ್ಟಿದ ಸೈಲೆನ್ಸರ್ ನೋಡಿ. ಅವೆಲ್ಲ ಸರಿ ಇದ್ದರೆ ಆಮೇಲೆ ಸೋರುವ ನಾಜಲ್.

ಹೊಗೆಯೇ ಇಲ್ಲ, ಪಿಕಪ್ಪೂ ಇಲ್ಲ ಎಂದರೆ ಇಂಜಿನ್‌ಗೆ ಡೀಸೆಲ್ಲೇ ಸಾಕಾಗುತ್ತಿಲ್ಲ. ಆಕ್ಸಿಲರೇಟರ್ ಕೇಬಲ್, ಡೀಸೆಲ್ ಫಿಲ್ಟರ್, ಟ್ಯಾಂಕ್, ಏರ್ ಹಿಡಿಯುವ ಪೈಪ್ ನೋಡಿ. ಹೊಗೆ ಇಲ್ಲದ್ದನ್ನು ನೋಡಿ "ಇಂಜಿನ್ ಚಲೋ ಐತಿ" ಎಂದು ಖುಷಿ ಪಡುವವರು ಬಹಳ. ಈ ದೋಷ ಕೈ ತಪ್ಪುವುದು ಹಾಗೇ.

ಬಿಳಿ ಹೊಗೆಯಲ್ಲಿ ಎರಡು ಥರ. ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆ ಇದ್ದರೆ ಡೀಸೆಲ್ ಉರಿಯದೆ ಹೊರಬರುತ್ತಿದೆ: ಟೈಮಿಂಗ್ (ಡೀಸೆಲ್ ಸಿಂಪಡಿಸುವ ಹೊತ್ತು), ನಾಜಲ್, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಕಡೆ ನೋಡಬೇಕು. ಸಿಹಿ ವಾಸನೆ ಬಂದು ರೇಡಿಯೇಟರ್ ನೀರು ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಡಿಸೆಂಬರಿನ ಬೆಳಗಾವಿ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷ ಬರುವ ಬಿಳಿ ಹೊಗೆಗೆ ತಲೆ ಕೆಡಿಸಿಕೊಳ್ಳಬೇಡಿ.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೋ ಸೀಲ್ ಸವೆದಿರಬಹುದು.

ಹಂತ 4: ಪೆಡಲ್ ಪೂರ್ತಿ ಒತ್ತಿದರೆ ಪಂಪ್ ಪೂರ್ತಿ ತೆರೆಯುತ್ತದೆಯೇ?

ಮೆಕ್ಯಾನಿಕಲ್ ಪಂಪ್ ಗಾಡಿಯಲ್ಲಿ ಇದು ಎರಡು ನಿಮಿಷದ ಕೆಲಸ. ಆದರೂ ಯಾರೂ ಮಾಡುವುದಿಲ್ಲ.

ಇಂಜಿನ್ ಆಫ್ ಇರಲಿ. ಒಬ್ಬರು ಒಳಗೆ ಕೂತು ಪೆಡಲ್ ತಳದವರೆಗೆ ಒತ್ತಿ ಹಿಡಿಯಲಿ. ನೀವು ಬಾನೆಟ್ ಕೆಳಗೆ ಪಂಪಿನ ಲಿವರ್ ನೋಡಿ. ಅದು ಕೊನೆಯ ಸ್ಟಾಪ್ ಸ್ಕ್ರೂಗೆ ಹೋಗಿ ತಾಗಬೇಕು. ಈಗ ಲಿವರನ್ನು ಬೆರಳಿನಿಂದ ಇನ್ನೂ ಮುಂದೆ ತಳ್ಳಿ. ಒಂದು ಬೆರಳಷ್ಟು ಸರಿಯಿತೇ? ಹಾಗಾದರೆ ಆ ಒಂದು ಬೆರಳು ಪಿಕಪ್ ಇಷ್ಟು ದಿನ ನಿಮಗೆ ಸಿಕ್ಕೇ ಇಲ್ಲ. ಕೇಬಲ್ ಜೋತು ಬಿದ್ದಿರುತ್ತದೆ, ಇಲ್ಲವೇ ಪೆಡಲ್ ಕೆಳಗೆ ದಪ್ಪ ಮ್ಯಾಟ್ ಇರುತ್ತದೆ. ಹೊಸ ಮ್ಯಾಟ್ ಹಾಕಿದ ದಿನದಿಂದ ಗಾಡಿ ಮಂದವಾದದ್ದನ್ನು ನಾನೇ ನೋಡಿದ್ದೇನೆ.

ಕೇಬಲ್ ಅಡ್ಜಸ್ಟ್ ಮಾಡಿದ ಮೇಲೆ ಪೆಡಲ್ ಬಿಟ್ಟಾಗ ಲಿವರ್ ಐಡಲಿಗೆ ಪೂರ್ತಿ ವಾಪಸ್ ಬರುತ್ತದೆಯೇ ಎಂದು ಮೂರು ಸಲ ನೋಡಿ. ಬಾರದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.

ಅಲ್ಲೇ ಸೀಲ್ ಹಾಕಿದ ಒಂದು ಸ್ಕ್ರೂ ಕಾಣಿಸಬಹುದು. "ಅದನ್ನ ಅರ್ಧ ಸುತ್ತು ತಿರುಗಿಸ್ರಿ, ಡೀಸೆಲ್ ಜಾಸ್ತಿ ಆಗತೈತಿ" ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ತಿರುಗಿಸಬೇಡಿ. ಎರಡು ದಿನ ಗಾಡಿ ಹಾರುತ್ತದೆ, ಕಪ್ಪು ಹೊಗೆ ಉಗುಳುತ್ತದೆ. ಆಮೇಲೆ ಶಾಖ ಏರಿ ಪಿಸ್ಟನ್ ಕರಗಬಹುದು, ಹೆಡ್ ಬಿರಿಯಬಹುದು. ಗಾಳಿ ಕಮ್ಮಿ ಇರುವ ಇಂಜಿನ್‌ಗೆ ಡೀಸೆಲ್ ಜಾಸ್ತಿ ಕೊಟ್ಟರೆ ರೋಗ ಮುಚ್ಚುತ್ತದೆ, ಹೋಗುವುದಿಲ್ಲ.

ಹಂತ 5: ಗಾಳಿಯ ದಾರಿ

ನಮ್ಮ ಕಡೆ ಧೂಳು ಸಾಮಾನ್ಯದ್ದಲ್ಲ. ಬೇಸಿಗೆಯಲ್ಲಿ ಎರೆ ಹೊಲದ ದಾರಿ ಹಿಟ್ಟಿನಂತಾಗುತ್ತದೆ. ಲೋಕಾಪುರ, ಮುದ್ದಾಪುರದ ಕಡೆ ಓಡಾಡುವ ಗಾಡಿಗೆ ಸುಣ್ಣದ ಕಲ್ಲಿನ ಪುಡಿ, ಸಿಮೆಂಟ್ ಪುಡಿ. ಏರ್ ಫಿಲ್ಟರ್ ಬದಲಿಸಲು ಗಾಡಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಡಾಂಬರು ರಸ್ತೆಯ ಗಾಡಿಗೆ. ಕಬ್ಬಿನ ಗದ್ದೆಗೆ ಇಳಿಯುವ ಗಾಡಿಗೆ ಅದರ ಅರ್ಧ ಎಂದುಕೊಳ್ಳಿ.

ಫಿಲ್ಟರ್ ತೆಗೆದು ಒಳಗಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಹೊರಗೆ ಕಾಣದಿದ್ದರೆ ಬದಲಿಸಿ. ನೆಲಕ್ಕೆ ಬಡಿಯುವುದು, ನೀರಿನಲ್ಲಿ ತೊಳೆಯುವುದು, ಪಂಕ್ಚರ್ ಅಂಗಡಿಯ ಗಾಳಿಯನ್ನು ಹೊರಗಿನಿಂದ ಜೋರಾಗಿ ಹೊಡೆಯುವುದು, ಮೂರೂ ತಪ್ಪು. ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತದೆ. ಹೊಡೆಯಲೇಬೇಕೆಂದರೆ ಒಳಗಿನಿಂದ ಹೊರಕ್ಕೆ, ಸಣ್ಣ ಗಾಳಿ, ದೂರದಿಂದ. ಆಯಿಲ್ ಬಾತ್ ಫಿಲ್ಟರ್ ಇದ್ದರೆ ಬಟ್ಟಲಿನ ತಳದ ಕೆಸರು ತೆಗೆದು, ಹೊಸ ಆಯಿಲನ್ನು ಗುರುತಿನ ತನಕ ಮಾತ್ರ ಹಾಕಿ.

ಇನ್ನು ಬಿಳಿ ಬಟ್ಟೆಯ ಪರೀಕ್ಷೆ. ಫಿಲ್ಟರಿನಿಂದ ಇಂಜಿನ್ ಕಡೆಗೆ ಹೋಗುವ ಪೈಪಿನ ಒಳಗೆ ಬಟ್ಟೆ ಆಡಿಸಿ. ಇದು ಶೋಧಿಸಿದ ಗಾಳಿ ಹೋಗುವ ದಾರಿ, ಇಲ್ಲಿ ಧೂಳು ಇರಲೇಬಾರದು. ಬಟ್ಟೆಗೆ ಕಂದು ಪುಡಿ ಹತ್ತಿದರೆ ಎಲ್ಲೋ ಪೈಪ್ ಬಿರಿದಿದೆ, ಇಲ್ಲವೇ ಫಿಲ್ಟರ್ ಸರಿಯಾಗಿ ಕೂತಿಲ್ಲ. ಅದೇ ಧೂಳು ಟರ್ಬೋ ರೆಕ್ಕೆ, ಬೋರು (ಸಿಲಿಂಡರಿನ ಒಳಗೋಡೆ), ರಿಂಗು ಎಲ್ಲ ಸವೆಸುತ್ತಿರುತ್ತದೆ. ಅವತ್ತೇ ಸರಿ ಮಾಡಿ. "ಪರೀಕ್ಷೆಗಂತ" ಫಿಲ್ಟರ್ ಇಲ್ಲದೆ ಓಡಿಸುವ ಚಟವೂ ಬೇಡ.

ರಬ್ಬರ್ ಹೋಸನ್ನು ಮೇಲಿನಿಂದ ನೋಡಿ ಸುಮ್ಮನಾಗಬೇಡಿ. ಬಿರುಕು ಬಿಡುವುದು ಕೆಳಮುಖದಲ್ಲಿ, ಕ್ಲಿಪ್ಪಿನ ಅಂಚಿನಲ್ಲಿ. ಕೈಯಲ್ಲಿ ಹಿಂಡಿ, ಬಗ್ಗಿಸಿ ನೋಡಿ. ನಿಂತಾಗ ಮುಚ್ಚಿಕೊಂಡಿರುವ ಬಿರುಕು, ಲೋಡ್ ಬಿದ್ದು ಇಂಜಿನ್ ಒಂದು ಕಡೆ ವಾಲಿದಾಗ ಬಾಯಿ ಬಿಡುತ್ತದೆ.

ಹಂತ 6: ಡೀಸೆಲ್‌ನ ದಾರಿ

ಈಗ ನನ್ನ 18,000 ರೂಪಾಯಿಯ ಕಥೆ. ತಿಕೋಟಾದಿಂದ ದ್ರಾಕ್ಷಿ ಕ್ರೇಟ್ ಹೇರಿಕೊಂಡು ಹೊರಟರೆ ಮೊದಲ 20 ಕಿಲೋಮೀಟರ್ ಗಾಡಿ ಕುದುರೆ. ಆಮೇಲೆ ನಿಧಾನಕ್ಕೆ ಉಸಿರು ಹಿಡಿದಂತಾಗಿ 40ರ ಮೇಲೆ ಹೋಗುತ್ತಿರಲಿಲ್ಲ. ಹೊಗೆ ಇಲ್ಲ. ಒಂದು ಗ್ಯಾರೇಜಿನಲ್ಲಿ ಪಂಪ್, ನಾಜಲ್ ಎರಡೂ ಮಾಡಿಸಿದೆ. ಮರುದಿನ ಅದೇ 20 ಕಿಲೋಮೀಟರ್, ಅದೇ ಕಥೆ. ಬೇಸತ್ತು ರಸ್ತೆ ಪಕ್ಕ ನಿಲ್ಲಿಸಿ, ಡೀಸೆಲ್ ಎಷ್ಟಿದೆ ನೋಡೋಣವೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಸುಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು. ಮುಚ್ಚಳ ಸಡಿಲ ಬಿಟ್ಟು ಹೊರಟೆ, ಮನೆತನಕ ಗಾಡಿ ಎಲ್ಲೂ ಕೆಮ್ಮಲಿಲ್ಲ. ಹಳೆ ಮುಚ್ಚಳದ ಚಾವಿ ಕಳೆದಿತ್ತು ಎಂದು ಅಗ್ಗದ ಹೊಸ ಮುಚ್ಚಳ ಹಾಕಿದ್ದೆ. ಅದರಲ್ಲಿ ಗಾಳಿ ಆಡುವ ತೂತೇ ಇರಲಿಲ್ಲ! ಡೀಸೆಲ್ ಇಳಿದಂತೆ ಟ್ಯಾಂಕ್ ಒಳಗೆ ನಿರ್ವಾತವಾಗಿ, ಪಂಪಿಗೆ ಎಳೆಯಲು ಆಗುತ್ತಿರಲಿಲ್ಲ.

ಹಾಗಾಗಿ ಡೀಸೆಲ್ ಹಂತದಲ್ಲಿ ಮೊದಲ ಕೆಲಸ ಮುಚ್ಚಳ. ಪಿಕಪ್ ಬಿದ್ದ ಕ್ಷಣದಲ್ಲೇ ನಿಲ್ಲಿಸಿ ತೆರೆದು ನೋಡಿ.

ಎರಡನೆಯದು ನೀರು. ಫಿಲ್ಟರಿನ ಕೆಳಗಿನ ಡ್ರೈನ್ ಸಡಿಲಿಸಿ ಒಂದು ಕಪ್ಪಿನಷ್ಟು ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಬಿಡಿ. ನೀರಿದ್ದರೆ ತಳಕ್ಕೆ ಇಳಿದು ಬೇರೆ ಪದರವಾಗಿ ನಿಲ್ಲುತ್ತದೆ. ತುಕ್ಕಿನ ಪುಡಿ, ಕಪ್ಪು ಲೋಳೆ ಕಂಡರೆ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕ್ ಇಳಿಸಿ ತೊಳೆಸಬೇಕು. ಹೊಲದಲ್ಲಿ ಬ್ಯಾರಲ್ಲಿನಲ್ಲಿಟ್ಟ ಡೀಸೆಲ್ ಹಾಕುವವರ ಗಾಡಿಯಲ್ಲಿ ಇದು ಜಾಸ್ತಿ.

ಮೂರನೆಯದು ಫಿಲ್ಟರ್. ಎಷ್ಟು ದಿನವಾಯಿತು ಎಂದು ನೆನಪಿಲ್ಲದಿದ್ದರೆ ಬದಲಿಸಿಬಿಡಿ. ಕೆಲವು ಹಳೆ ಗಾಡಿಗಳಲ್ಲಿ ಎರಡು ಫಿಲ್ಟರ್ ಇರುತ್ತವೆ, ಎರಡನ್ನೂ ಬದಲಿಸಿ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿಯಬೇಡಿ, ಅದರಲ್ಲಿನ ಕಸ ನೇರ ಪಂಪಿಗೆ ಹೋಗುತ್ತದೆ. ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಸಣ್ಣ ಪಂಪ್) ಒತ್ತಿಯೇ ತುಂಬಿಸಿ. ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ಸ್ಕ್ರೂ) ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಒತ್ತಿ, ಪ್ರೈಮರ್ ಒತ್ತಿ ಹಿಡಿದೇ ಸ್ಕ್ರೂ ಬಿಗಿ ಮಾಡಿ.

ನಾಲ್ಕನೆಯದು ಏರ್ ಹಿಡಿಯುವುದು. ಟ್ಯಾಂಕಿನಿಂದ ಪಂಪಿನವರೆಗಿನ ಪೈಪ್ ಡೀಸೆಲನ್ನು ಎಳೆದುಕೊಳ್ಳುವ ದಾರಿ. ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಸೋರದೇ ಇರಬಹುದು, ಗಾಳಿ ಒಳಗೆ ಹೋಗುತ್ತದೆ. "ಎಲ್ಲೂ ಸೋರಿಲ್ರಿ" ಎನ್ನುವ ಮಾತನ್ನು ನಂಬಬೇಡಿ. ಬೆಳಿಗ್ಗೆ ಪ್ರೈಮರ್ ಹೊಡೆಯದೆ ಗಾಡಿ ಸ್ಟಾರ್ಟ್ ಆಗದಿದ್ದರೆ ಅದೇ ಮೊದಲ ಸೂಚನೆ.

ಖಚಿತ ಮಾಡಿಕೊಳ್ಳಲು ಪಂಪಿನ ಒಳಹರಿವಿನ ಹೋಸ್ ಜಾಗದಲ್ಲಿ ಪಾರದರ್ಶಕ ಹೋಸ್ ಹಾಕಿ. ಅದು ಫ್ಯಾನ್, ಬೆಲ್ಟು, ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ. ಸ್ಟಾರ್ಟ್ ಮಾಡಿ ರೇಸ್ ಕೊಡುತ್ತಾ ನೋಡಿ. ಮೊದಲ ಅರ್ಧ ನಿಮಿಷ ಗುಳ್ಳೆ ಬಂದರೆ ಪರವಾಗಿಲ್ಲ. ಆಮೇಲೂ ಸಾಸಿವೆ ಕಾಳಿನ ಸಾಲಿನಂತೆ ಗುಳ್ಳೆ ಹರಿಯುತ್ತಿದ್ದರೆ ಹಿಂದಿನ ಜಾಯಿಂಟ್‌ಗಳಲ್ಲಿ ದೋಷ ಇದೆ. ಹಳೆ ತಾಮ್ರದ ವಾಷರ್ ತಿರುಗಿಸಿ ಹಾಕುವ ಜಿಪುಣತನ ಬಿಟ್ಟು ಹೊಸದು ಹಾಕಿ. ಫಿಲ್ಟರ್ ತಲೆಯ ರಬ್ಬರ್, ಟ್ಯಾಂಕ್ ಹತ್ತಿರದ ಹೋಸ್, ಪ್ರೈಮರ್, ಒಂದೊಂದಾಗಿ ನೋಡಿ.

ಐದನೆಯದು ಟ್ಯಾಂಕಿನೊಳಗಿನ ಜಾಲರಿ. ಗಾಡಿ ಓಡುತ್ತಾ ಓಡುತ್ತಾ ಮಂದವಾಗಿ, ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಚೆನ್ನಾಗಿ ಓಡುತ್ತದೆ ಎಂದರೆ ಇದರ ಮೇಲೆ ಅನುಮಾನ ಪಡಿ. ಎಳೆತಕ್ಕೆ ಕಸ ಬಂದು ಜಾಲರಿಗೆ ಅಂಟುತ್ತದೆ, ನಿಲ್ಲಿಸಿದಾಗ ಉದುರುತ್ತದೆ.

ಇವನ್ನೆಲ್ಲ ಒಂದೇ ಏಟಿಗೆ ತೀರ್ಮಾನಿಸುವ ಪರೀಕ್ಷೆಯೊಂದಿದೆ. ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. 5 ಲೀಟರ್ ಕ್ಯಾನಿನಲ್ಲಿ ಶುಭ್ರ ಡೀಸೆಲ್ ತುಂಬಿ, ಕ್ಯಾಬಿನ್ ಹಿಂದೆ ಬಾಡಿಯಲ್ಲಿ ಅಲುಗಾಡದಂತೆ ಕಟ್ಟಿ. ಕ್ಯಾಬಿನ್ ಒಳಗೆ ಇಡಬೇಡಿ. ಹೊಸ ಫಿಲ್ಟರಿನ ಒಳಹರಿವಿಗೆ ಕ್ಯಾನಿನಿಂದ ಹೋಸ್ ಕೊಡಿ, ವಾಪಸ್ ಬರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ. ಹೋಸ್ ಬಿಸಿ ಭಾಗಕ್ಕೆ ತಾಗಬಾರದು. ಹತ್ತಿರದ ಖಾಲಿ ರಸ್ತೆಯಲ್ಲಿ ಅಳತೆಯ ಓಟ ಓಡಿಸಿ. ಪಿಕಪ್ ವಾಪಸ್ ಬಂದರೆ ದೋಷ ಟ್ಯಾಂಕ್ ಮತ್ತು ಫಿಲ್ಟರ್ ನಡುವೆ ಇದೆ. ಪಂಪ್ ಮುಟ್ಟಬೇಡಿ. ಬಾರದಿದ್ದರೆ ಟ್ಯಾಂಕಿನ ಕಡೆ ಸರಿ ಇದೆ, ಮುಂದಿನ ಹಂತಕ್ಕೆ ಹೋಗಿ.

ಹಂತ 7: ಟರ್ಬೋ

ಹಳೆ ಟಾಟಾ ಏಸ್‌ನ 702 ಸಿಸಿ, ಎರಡು ಸಿಲಿಂಡರ್ ಇಂಜಿನ್‌ಗೆ ಟರ್ಬೋ ಇಲ್ಲ. ಆ ಗಾಡಿಯವರು ಇದನ್ನು ಬಿಡಿ. ಅದು ಇದ್ದದ್ದೇ 16 ಎಚ್‌ಪಿ. ಅದರಿಂದ ದೊಡ್ಡ ಪಿಕಪ್‌ನ ಕೆಲಸ ಕೇಳಬೇಡಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಟರ್ಬೋಗೆ ಗಾಳಿ ಹೋಗುವ ಪೈಪ್ ಬಿಚ್ಚಿ. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ, ಸಲೀಸಾಗಿ ತಿರುಗಬೇಕು. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದರೆ ಸಹಜ. ಹಿಂದೆ ಮುಂದೆ ಆಡುವುದು ಕೈಗೆ ಗೊತ್ತಾದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಟರ್ಬೋ ಮುಗಿದಿದೆ.

ಅದಕ್ಕಿಂತ ಜಾಸ್ತಿ ಸಿಗುವ ದೋಷ ಟರ್ಬೋ ಆಚೆಗಿನ ಹೋಸಿನಲ್ಲಿ. ಇಂಟರ್‌ಕೂಲರ್ (ಟರ್ಬೋ ಗಾಳಿ ತಣಿಸುವ ಭಾಗ) ಇದ್ದರೆ ಅದರ ಎರಡೂ ಕಡೆಯ ಜಾಯಿಂಟ್ ನೋಡಿ. ಧೂಳು ಮೆತ್ತಿದ ಎಣ್ಣೆಯ ಕಲೆ ಇದ್ದಲ್ಲಿ ಗಾಳಿ ಸೋರುತ್ತಿದೆ. ಸೋಪಿನ ನೀರು ಹಾಕಿ ಒಬ್ಬರು ರೇಸ್ ಕೊಟ್ಟರೆ ಗುಳ್ಳೆ ಏಳಬಹುದು. ಏರಿನಲ್ಲಿ ಕುಕ್ಕರ್ ಹಾಗೆ ಸುಯ್ಯೆನ್ನುವ ಸದ್ದು ಬಂದರೂ ಅದೇ.

ಟರ್ಬೋ ಇರುವ ಕೆಲವು ಮೆಕ್ಯಾನಿಕಲ್ ಪಂಪ್‌ಗಳ ತಲೆಗೆ ಪೆನ್ಸಿಲ್ ದಪ್ಪದ ಒಂದು ಹೋಸ್ ಬಂದಿರುತ್ತದೆ. ಟರ್ಬೋ ಗಾಳಿಯ ಒತ್ತಡ ಏರಿದಾಗ ಡೀಸೆಲನ್ನೂ ಏರಿಸಲು ಪಂಪಿಗೆ ಸುದ್ದಿ ಮುಟ್ಟಿಸುವುದು ಅದೇ. ಅದು ಬಿರಿದರೆ ಪಂಪ್ ಡೀಸೆಲ್ ಏರಿಸುವುದಿಲ್ಲ. ಹೊಗೆ ಇಲ್ಲ, ಎಳೆತವೂ ಇಲ್ಲ. ಸಣ್ಣ ತುಂಡು ಹೋಸ್, ದೊಡ್ಡ ತಲೆನೋವು.

ಇಲ್ಲಿ ಒಂದು ಎಚ್ಚರಿಕೆ. ಹೋಸ್ ಒಳಗೆ ಎಣ್ಣೆಯ ತೆಳು ಪಸೆ ಇದ್ದರೆ ಸರಿ. ಎಣ್ಣೆ ಸುರಿಯುವಷ್ಟಿದ್ದರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಡೀಸೆಲ್ ಇಂಜಿನ್ ತನ್ನದೇ ಆಯಿಲ್ ಕುಡಿದು ತಾನಾಗಿ ರೇಸ್ ಏರಿಸಿಕೊಂಡು ಹೋಗಬಹುದು, ಚಾವಿ ತೆಗೆದರೂ ನಿಲ್ಲುವುದಿಲ್ಲ. ಅಂಥ ಹೊತ್ತಿನಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಇಂಜಿನ್ ಬಂದ್ ಮಾಡಬೇಕು. ಗಾಳಿ ಎಳೆಯುವ ಬಾಯಿಗೆ ಕೈ ಒಡ್ಡಲೇಬೇಡಿ.

ಹಂತ 8: ಹೊಗೆ ಹೋಗುವ ದಾರಿ

ಸೈಲೆನ್ಸರ್ ಕಲ್ಲಿಗೆ ಬಡಿದು ಜಜ್ಜಿದೆಯೇ ಬಗ್ಗಿ ನೋಡಿ. ಹೊರಗೆ ಚೆನ್ನಾಗಿದ್ದು ಒಳಗಿನ ತಗಡು ಕಳಚಿ ಅಡ್ಡ ಬಿದ್ದಿರುವುದೂ ಉಂಟು; ತಣ್ಣಗಿದ್ದಾಗ ತಟ್ಟಿದರೆ ಗಲಗಲ ಎನ್ನುತ್ತದೆ. ಸೈಲೆನ್ಸರಿನ ಮುಂದಿನ ಜಾಯಿಂಟ್ ಸಡಿಲಿಸಿ ಒಂದು ಸಣ್ಣ ಓಟ ಹೋಗಿ ಬನ್ನಿ. ಊರೆಲ್ಲ ತಿರುಗಿ ನೋಡುತ್ತದೆ, ಆದರೆ ಎಳೆತ ಬಂದರೆ ಉತ್ತರ ಸಿಕ್ಕಿತು. ಇಜಿಆರ್ ಇರುವ ಗಾಡಿಯಲ್ಲಿ ಅದರ ವಾಲ್ವ್ ಮಸಿಯಿಂದ ತೆರೆದೇ ನಿಂತಿದ್ದರೆ ಹೊಗೆ ಮತ್ತೆ ಇಂಜಿನ್ ಒಳಗೇ ಸುತ್ತುತ್ತದೆ. ಬಿಚ್ಚಿ ಸ್ವಚ್ಛ ಮಾಡಿ.

ಹಂತ 9: ಟ್ಯಾಪೆಟ್, ಟೈಮಿಂಗ್, ಕೊನೆಗೆ ನಾಜಲ್

ಇಲ್ಲಿಂದ ಮುಂದೆ ಕೈ ಪಳಗಿದವರು ಬೇಕು.

ಟ್ಯಾಪೆಟ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಮಾಡೆಲಿನಿಂದ ಮಾಡೆಲಿಗೆ ಬೇರೆ. ನಿಮ್ಮ ಇಂಜಿನ್‌ನ ಅಳತೆಯನ್ನೇ, ಅದರಲ್ಲಿ ಹೇಳಿದಂತೆ ತಣ್ಣಗೋ ಬಿಸಿಯೋ ಇದ್ದಾಗ, ಫೀಲರ್ ಗೇಜಿನಿಂದ ಇಡಬೇಕು. ಟಕ್ ಟಕ್ ಸದ್ದು ಇಲ್ಲವೆಂದರೆ ಎಲ್ಲ ಚೆನ್ನಾಗಿದೆ ಎಂದಲ್ಲ. ಗ್ಯಾಪ್ ತೀರಾ ಬಿಗಿಯಾದರೆ ಸದ್ದೇ ಬರುವುದಿಲ್ಲ, ವಾಲ್ವ್ ಮಾತ್ರ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿ ಸುಟ್ಟುಹೋಗುತ್ತದೆ. ಟೈಮಿಂಗ್ ತಾನಾಗಿ ಕೆಡುವುದು ಕಮ್ಮಿ. ಪಂಪ್ ಬಿಚ್ಚಿ ಹಾಕಿದ ಮೇಲೆ ಒಂದು ಹಲ್ಲು ತಪ್ಪಿರುವುದೇ ಜಾಸ್ತಿ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡಲು ಹಳೆ ಮೇಸ್ತ್ರಿಗಳು ಐಡಲಿನಲ್ಲಿ ಒಂದೊಂದೇ ನಾಜಲ್ ಪೈಪಿನ ನಟ್ ಸಡಿಲಿಸುತ್ತಾರೆ. ಸಡಿಲಿಸಿದಾಗ ಇಂಜಿನ್ ಸದ್ದು ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಬದಲಾಗದಿದ್ದರೆ ಅಲ್ಲೇ ತೊಂದರೆ. ಮೆಕ್ಯಾನಿಕಲ್ ಪಂಪಿನಲ್ಲೂ ಕನ್ನಡಕ, ಕೈಗವಸು ಇಲ್ಲದೆ ಇದನ್ನು ಮಾಡಬಾರದು.

ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಎಂದಿಗೂ ಮಾಡಬೇಡಿ. ಆ ಪೈಪಿನಲ್ಲಿ ಒತ್ತಡ 1,000 ಬಾರ್ ಮೀರಿ ಹೋಗಬಹುದು. ಡೀಸೆಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ, ಒಳಗೆ ಬೆರಳೇ ಕೊಳೆಯಬಹುದು. ಹಾಗೆ ಆದರೆ ನೋವಿಲ್ಲ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಚುಚ್ಚಿದೆ ಎಂದೇ ಹೇಳಿ. ಕಾಮನ್ ರೈಲ್‌ಗೆ ಸ್ಕ್ಯಾನರ್ ಹಾಕಿಸಿ, ನಾಜಲ್‌ಗಳ ರಿಟರ್ನ್ (ವಾಪಸ್ ಹರಿಯುವ ಡೀಸೆಲ್) ಅಳತೆ ಮಾಡಿಸಿ. ಇಂಜಿನ್ ದೀಪ ಹತ್ತಿ, ರೇಸ್ ಒಂದು ಮಟ್ಟದ ಮೇಲೆ ಹೋಗದಿದ್ದರೆ ಮೇಲಿನ ಹಂತಗಳಿಗಿಂತ ಮೊದಲೇ ಸ್ಕ್ಯಾನರ್.

ನಾಜಲನ್ನು ಪಂಪ್ ರೂಮಿಗೆ (ಪಂಪ್, ನಾಜಲ್ ರಿಪೇರಿ ಅಂಗಡಿಗೆ) ಕೊಟ್ಟರೆ ಟೆಸ್ಟರಿನ ಮುಂದೆ ನೀವೇ ನಿಲ್ಲಿ. ಮಂಜಿನಂತೆ ಸಮನಾಗಿ ಸಿಂಪಡಿಸಬೇಕು. ಒಂದು ಕಡೆ ಪಿಚಕಾರಿಯಂತೆ ಹೊಡೆದರೆ ಅಥವಾ ನಿಂತ ಮೇಲೆ ತುದಿಯಿಂದ ಹನಿ ತೊಟ್ಟಿಕ್ಕಿದರೆ ಮಾತ್ರ ರಿಪೇರಿಗೆ ಹಣ ಹಾಕಿ. ಮತ್ತೆ ಕೂರಿಸುವಾಗ ತಳದ ತಾಮ್ರದ ವಾಷರ್ ಹೊಸದಿರಲಿ. ಹಳೆಯದು ಕೆಳಗೆ ಅಂಟಿಕೊಂಡಿದ್ದು ಅದರ ಮೇಲೇ ಹೊಸದು ಹಾಕಿರುವುದನ್ನು ನೋಡಿದ್ದೇನೆ.

ಹಂತ 10: ಕಂಪ್ರೆಷನ್

ಬಿಸಿ ಇಂಜಿನ್ ಐಡಲಿನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ಅಲುಗಾಡಿದರೆ ಹಳೆ ಇಂಜಿನ್‌ಗೆ ಸಹಜ. ಕುಣಿದು ಹಾರಿ ಬಿದ್ದು, ಬಾಯಿಯಿಂದ ಹೊಗೆ ಉಗಿಬಂಡಿಯಂತೆ ಬಂದರೆ ನಮ್ಮ ಮೇಸ್ತ್ರಿಗಳು ಹೇಳುವ ಬ್ಯಾಕ್ ಕಂಪ್ರೆಷನ್, ಅಂದರೆ ಸಿಲಿಂಡರಿನ ಗಾಳಿ ರಿಂಗ್ ದಾಟಿ ಕೆಳಗೆ ಸೋರುತ್ತಿದೆ. ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಲೋಳೆ ಇದ್ದರೆ ಆಯಿಲಿಗೆ ನೀರು ಸೇರಿರಬಹುದು. ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.

ಅಷ್ಟಕ್ಕೇ ಇಂಜಿನ್ ಬಿಚ್ಚಲು ಒಪ್ಪಬೇಡಿ. ಡೀಸೆಲ್ ಕಂಪ್ರೆಷನ್ ಗೇಜ್ ಹಾಕಿಸಿ ಎಲ್ಲ ಸಿಲಿಂಡರಿನ ಅಂಕೆ ನೋಟ್‌ಬುಕ್ಕಿನಲ್ಲಿ ಬರೆಸಿ. ಪೆಟ್ರೋಲ್ ಗಾಡಿಯ ಗೇಜ್ ಇದಕ್ಕೆ ತಾಳುವುದಿಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಇಲ್ಲದಿದ್ದರೆ ಸ್ಟಾರ್ಟರ್ ನಿಧಾನವಾಗಿ ತಿರುಗಿ ಒಳ್ಳೆ ಇಂಜಿನ್ ಕೂಡ ಕೆಟ್ಟದ್ದಾಗಿ ಕಾಣುತ್ತದೆ. ಸಿಲಿಂಡರುಗಳ ನಡುವೆ ಶೇಕಡಾ 10ರ ಒಳಗಿನ ವ್ಯತ್ಯಾಸ ನಡೆಯುತ್ತದೆ. ಒಂದೇ ಸಿಲಿಂಡರ್ ಬಿದ್ದಿದ್ದರೆ ವಾಲ್ವ್ ಅಥವಾ ರಿಂಗ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್. ಎಲ್ಲವೂ ಸಮನಾಗಿ ಕೆಳಗಿದ್ದರೆ ಇಂಜಿನ್ ನಿಜಕ್ಕೂ ಸವೆದಿದೆ.

ಹೆಡ್ ಇಳಿಸಿದ ದಿನ ಗ್ಯಾರೇಜಿನಲ್ಲೇ ಇರಿ. ಬೋರ್ ಅಳತೆಯನ್ನು ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಗೇಜಿನಿಂದ ನಿಮ್ಮ ಎದುರಿಗೇ ತೆಗೆಸಿ ಬರೆಸಿಕೊಳ್ಳಿ. ಬೋರ್ ಕೊರೆಯಲು ಲೇತ್ ಅಂಗಡಿಗೆ ಕಳಿಸುವ ಮೊದಲು ಸಿಗುವ ಪಿಸ್ಟನ್ ಸೈಜ್ ಯಾವುದು ಎಂದು ಕೇಳಿ, ಪಿಸ್ಟನ್ ಕೈಗೆ ಬಂದ ಮೇಲೆ ಅದರ ಜೊತೆಗೇ ಬ್ಲಾಕ್ ಕಳಿಸಿ. ಬಿಚ್ಚಿದ ಹಳೆ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿಸಿಕೊಂಡು ಮನೆಗೆ ತನ್ನಿ.